ಬಾಕಿ ಉಳಿದ ಎರಡು ಕೂಗು

ಹೋದ ತಿಂಗಳು ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎಣ್ಣೆ ಗಾಣದ ಅಂಗಡಿಯೊಂದರ ಮುಂದೆ ನಿಂತಿದ್ದೆ. ಮೊಮ್ಮಗಳ ತಲೆಗೆ ಒಳ್ಳೆಯ ಕೊಬ್ಬರಿ ಎಣ್ಣೆ ಬೇಕು ಎಂದು ಸೊಸೆ ಹೇಳಿ ಕಳಿಸಿದ್ದಳು. ಅಂಗಡಿಯವನು ಹಳೆಯ ತಗಡಿನ ಡಬ್ಬದ ಮುಚ್ಚಳ ತೆಗೆದ. ಹೊಸ ಎಣ್ಣೆಯ ಸಿಹಿ ವಾಸನೆಗೆ ತುಕ್ಕಿನ ವಾಸನೆ ಬೆರೆತು ಮೂಗಿಗೆ ಬಂತು. ಒಂದು ಲೀಟರೋ ಎರಡೋ ಎಂದು ಅವನು ಕೇಳುತ್ತಲೇ ಇದ್ದ. ಗಿಟಾರಿನ ತಂತಿಗೆ ತುಕ್ಕು ಹತ್ತದಿರಲಿ ಎಂದು ಕೊಬ್ಬರಿ ಎಣ್ಣೆ ಸವರುತ್ತಿದ್ದ ಒಬ್ಬರೇ ಒಬ್ಬರನ್ನು ನಾನು ಬಲ್ಲೆ. ಅವರ ಮನೆಯ ನಡುಮನೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಊರೆಲ್ಲ ಅವರನ್ನು ಮಂಡಿಯಣ್ಣ ಎನ್ನುತ್ತಿತ್ತು. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದರು. ಮುಂದೆ ಮಂಡಿ, ಹಿಂದೆ ಮನೆ, ಮೇಲೆ ತೆಂಗಿನಕಾಯಿ ತುಂಬಿದ ಅಟ್ಟ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾ ಕಡೂರು, ತರೀಕೆರೆ, ಅಜ್ಜಂಪುರ ಸುತ್ತುತ್ತಿದ್ದೆ. ಕೈಯಲ್ಲಿ ಸ್ಕ್ರೂಡ್ರೈವರು, ತಲೆಯಲ್ಲಿ ಗಿಟಾರು. ನಮ್ಮದು ನಿಂತು ಕುಣಿಯುವವರ ಗಿಟಾರಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಟೀಲ್ ಗಿಟಾರು. ಭದ್ರಾವತಿ ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಐದು ನಿಮಿಷ ಉಳಿದರೆ ಅದನ್ನೇ ಹಾಕುತ್ತಿದ್ದರು. ಸ್ವರದಿಂದ ಸ್ವರಕ್ಕೆ ಅದು ಹಾರುವುದಿಲ್ಲ, ಜಾರುತ್ತದೆ. ಹಾಗಾಗಿ ಅದರಲ್ಲಿ ಹಾಡು ಕೇಳಿದರೆ ಮಾತು ಬಾರದವರು ಯಾರೋ ಹಾಡಿದಂತೆ ಅನ್ನಿಸುತ್ತಿತ್ತು.

ಅವರ ಹೆಂಡತಿಯ ಹೊಲಿಗೆ ಯಂತ್ರ ಸರಿಮಾಡಲು ಹೋದವನು ಗೋಡೆಯ ಮೇಲಿನ ಗಿಟಾರು ನೋಡಿ ಅಲ್ಲೇ ಕೂತುಬಿಟ್ಟೆ. ಅಂದಿನಿಂದ ಆ ಮನೆಯ ಯಂತ್ರ ತಿಂಗಳಿಗೊಮ್ಮೆ ಕೆಡತೊಡಗಿತು ಎಂದು ಆಕೆ ತಮಾಷೆ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಗಂಡ, ಹೆಂಡತಿ, ಮಂಡಿಯಣ್ಣನವರ ತಾಯಿ, ಇಷ್ಟೇ ಜನ. ತಾಯಿಯನ್ನು ನಾನೂ ಅವ್ವ ಎನ್ನುತ್ತಿದ್ದೆ. ಹಣೆತುಂಬ ವಿಭೂತಿ, ಬಾಯಿತುಂಬ ಗಾದೆ. ಆ ಅವ್ವನಿಗೆ ಒಂದು ಕಟ್ಟುನಿಟ್ಟು: ಹೆಂಡತಿ ಗಂಡನ ಹೆಸರು ಹಿಡಿಯಬಾರದು, ಗಂಡನೂ ಹೆಂಡತಿಯ ಹೆಸರು ಹಿಡಿದು ಕೂಗಬಾರದು. ಹೆಸರು ಹಿಡಿದರೆ ಆಯಸ್ಸು ಕಡಿಮೆಯಾಗುತ್ತದಂತೆ. ಮಂಡಿಯಲ್ಲಿ ಹತ್ತು ಜನ ಹಮಾಲಿಗಳನ್ನು ಗದರಿಸುತ್ತಿದ್ದ ಮನುಷ್ಯ ಮನೆಯೊಳಗೆ ಬಂದರೆ "ಏ, ಇವಳೇ" ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದರು.

ಒಂದು ದಿನ ಆಕೆ ಕಾಫಿ ತಂದಿಟ್ಟು, ಅತ್ತೆ ಹಿತ್ತಿಲಿಗೆ ಹೋಗಿದ್ದು ನೋಡಿ, ನನ್ನ ಮುಂದೆಯೇ ಗಂಡನನ್ನು ಕೆಣಕಿದರು. "ಮದ್ವೆಯಾಗಿ ಎಷ್ಟು ವರ್ಷ ಆತು, ಇವರ ಬಾಯಾಗೆ ನಾನು ಇನ್ನೂ 'ಇವಳೇ'ನೇ ಕಣ್ರೀ. ಬಾಯಲ್ಲಿ ಆಗ್ದಿದ್ರೆ ಬ್ಯಾಡ, ಆ ಗಿಟಾರ್ ಕೈಲಾದ್ರೂ ಒಂದ್ಸಲ ಕೂಗ್ಸಲಿ, ಓ ಅಂತೀನಿ."

ಮಂಡಿಯಣ್ಣ ನಾಚಿಕೊಂಡು ಎದ್ದುಹೋದರು. ಆದರೆ ಆ ಮಾತು ತಲೆಗೆ ಹೊಕ್ಕಿತ್ತು. ಆಮೇಲೆ ನಾನು ಹೋದಾಗಲೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಒಂದೇ ತಂತಿಯ ಮೇಲೆ ಸರಳು ಜಾರಿಸುತ್ತಾ ಕೂತಿರುತ್ತಿದ್ದರು. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೂರಕ್ಷರ, ನಡುವಿನದು ದೀರ್ಘ. ಅವ್ವ ದಿನವೆಲ್ಲ ಕೂಗುತ್ತಿದ್ದರಿಂದ ಅದರ ಏರಿಳಿತ ನನಗೂ ಬಾಯಿಪಾಠವಾಗಿತ್ತು. ಗಿಟಾರಿಗೆ ವ್ಯಂಜನ ಬರುವುದಿಲ್ಲ, ಆದರೂ ದಿನ ಕಳೆದಂತೆ ಆ ಹೆಸರು ಹತ್ತಿರ ಹತ್ತಿರ ಬಂತು. ಕೇಳಿ ಮೊದಲ ಸಲ ನನಗೆ ನಗು ಬಂತು, ಎರಡನೆಯ ಸಲ ಮೈ ಜುಮ್ಮೆಂದಿತು.

ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ. ನಾನು ಶಿವನಿಯ ಕಡೆ ಹೋಗಿದ್ದೆ. ದೀಪ ಹಚ್ಚುವ ಹೊತ್ತಿನಲ್ಲಿ ಆಕೆ ಅಟ್ಟ ಹತ್ತಿ ಕಾಯಿ ತಿರುವಿಹಾಕುತ್ತಿದ್ದರಂತೆ. ಕಾಯಿ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಬೇಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಮೇಲೆ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಕೆಳಗೆ ಮಂಡಿಯಣ್ಣ ಗಿಟಾರು ತೊಡೆಗೆ ಎಳೆದುಕೊಂಡು ಒಂದೇ ಒಂದು ಸಲ ಆ ಹೆಸರನ್ನು ಕೂಗಿಸಿದರು. ಮೇಲಿನಿಂದ "ಓ" ಎಂಬ ಉತ್ತರ ಬಂತು. ಇಳಿಯುವ ಅವಸರದಲ್ಲಿ ಏಣಿಯ ಮೇಲೆ ಇಡಬೇಕಾದ ಕಾಲು ತಪ್ಪಿತು. ಅಷ್ಟೇ...

ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೊಮ್ಮೆ ಹೋದಾಗ ಮಂಡಿಯಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವ್ವ ಮಗನ ಮುಂದೆಯೇ, "ಹೆಸರು ಹಿಡ್ದ, ಆಯಸ್ಸು ಹೋತು" ಎಂದರು. ಸಿಟ್ಟಿನಿಂದಲ್ಲ. ಮಳೆ ಬಂತು ಎಂದ ಹಾಗೆ ಹೇಳಿದರು. ಅದನ್ನು ಕೇಳುವುದೇ ಹೆಚ್ಚು ಕಷ್ಟವಾಗಿತ್ತು.

ನಮ್ಮ ಕಡೆ ಮಕ್ಕಳಿಗೆ ಮೊದಲು ಕಲಿಸುವ ಬುದ್ಧಿ ಇದು: ಹೊತ್ತು ಮುಳುಗಿದ ಮೇಲೆ ಒಂದು ಕೂಗಿಗೆ ಓಗೊಡಬೇಡ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಒಂದೇ ಸಲ ಕೂಗಿ ಸುಮ್ಮನಾಗುವುದು ಮನುಷ್ಯರಲ್ಲ. ಮಂಡಿಯಣ್ಣನವರನ್ನು ತಿನ್ನುತ್ತಿದ್ದುದು ಇದೇ. "ಒಂದೇ ಕೂಗು ಕೂಗ್ಸಿದ್ದು ಕಣಯ್ಯಾ," ಎಂದರು. "ಕರದದ್ದು ದೆವ್ವ ಅಂದ್ಕಂಡು ಹೆದ್ರಿ ಬಿದ್ಲೋ, ನಾನು ಅಂತ ಗೊತ್ತಾತೋ, ಯಾರಿಗ್ಗೊತ್ತು? ಇನ್ನೂ ಆ ಏಣಿ ಮೇಲೇ ನಿಂತು ಕಾಯ್ತಾ ಅವಳೆ. ಇನ್ನೆರಡು ಕೂಗು ಬಾಕಿ ಐತೆ."

ಉಳಿದ ಎರಡನ್ನೂ ಕೂಗಿಬಿಟ್ಟರೆ ಕರೆದದ್ದು ಮನುಷ್ಯ, ತನ್ನ ಗಂಡ ಎಂದು ಆಕೆಗೆ ತಿಳಿಯುತ್ತದೆ, ಬಿಡುಗಡೆಯಾಗುತ್ತದೆ ಎಂಬುದು ಅವರ ಲೆಕ್ಕ. ಆದರೆ ಸರಳು ಹಿಡಿದರೆ ಕೈ ನಡುಗುತ್ತಿತ್ತು. ತಂತಿ ಹೆಸರು ಹೇಳದೆ ಬರೀ ಗೊರಗೊರ ಎನ್ನುತ್ತಿತ್ತು. ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಟ್ಟದ ಮೇಲೆ ಲೊಡಲೊಡ ಸದ್ದಾಯಿತು. ಒಂದು ಕಾಯಿ ಉರುಳಿ ನಿಂತಿತು, ಸ್ವಲ್ಪ ಬಿಟ್ಟು ಇನ್ನೊಂದು. ಇಲಿ ಇರಬೇಕು ಎಂದೆ. ಅವ್ವ ದೀಪಕ್ಕೆ ಬತ್ತಿ ಹೊಸೆಯುತ್ತಾ, "ದಿನಾ ಇಷ್ಟೊತ್ಗೆ ಕಾಯಿ ತಿರುವ್ತಾಳೆ," ಎಂದರು. ನನ್ನ ಕಾಫಿ ಲೋಟದಲ್ಲೇ ಉಳಿಯಿತು.

ನಾನು ದೆವ್ವ ನಂಬುವವನಲ್ಲ, ಹೆದರುವುದು ಬೇರೆ ವಿಷಯ. ಆದರೆ ಆ ಮನುಷ್ಯ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಒಬ್ಬರೇ ಕೂತು ಆ ತಂತಿಯನ್ನು ನೋಡುವ ಬದಲು ನಾಲ್ಕು ಜನರ ಜೊತೆ ನುಡಿಸಿದರೆ ಕೈ ಹಿಡಿತಕ್ಕೆ ಬಂದೀತು ಎಂದುಕೊಂಡು ಊರೂರಿನ ಸ್ಟೀಲ್ ಗಿಟಾರಿನವರನ್ನು ಒಂದುಗೂಡಿಸಲು ಹೊರಟೆ. ತರೀಕೆರೆಯಲ್ಲಿ ರೈಲ್ವೆ ಗುಮಾಸ್ತರೊಬ್ಬರು ನುಡಿಸುತ್ತಿದ್ದರು. ಅಜ್ಜಂಪುರದಲ್ಲಿ ಡ್ರಿಲ್ ಮೇಷ್ಟ್ರು. ಶಿವನಿಯಲ್ಲಿ ಒಬ್ಬ ರೈತರು ಸಾದಾ ಗಿಟಾರಿನ ಕತ್ತಿಗೆ ಗುದ್ದಲಿ ಕಾವಿನ ಚೂರು ಕೊಟ್ಟು ತಂತಿ ಎತ್ತರಿಸಿಕೊಂಡು, ಸರಳಿನ ಬದಲು ಟ್ರ್ಯಾಕ್ಟರಿನ ಪಿನ್ನು ಜಾರಿಸುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮೆಲ್ಲರಿಗಿಂತ ಇಂಪಾಗಿ ಅವರೇ ನುಡಿಸುತ್ತಿದ್ದರು. ಮೂವರೂ ತಕ್ಷಣ ಒಪ್ಪಿದರು. ಇಂಥ ಹುಚ್ಚು ತಮಗೊಬ್ಬರಿಗೇ ಎಂದು ಅಷ್ಟು ದಿನ ಪ್ರತಿಯೊಬ್ಬರೂ ತಿಳಿದಿದ್ದರು.

ರೈಲ್ವೆ ಗುಮಾಸ್ತರು ಬೆಂಗಳೂರು ನೋಡಿದವರು. ಹೀಗೆ ಕೂಡಿ ನುಡಿಸುವುದಕ್ಕೆ 'ಜಾಮ್ ಸೆಷನ್' ಎನ್ನಬೇಕು ಎಂದು ಅಪ್ಪಣೆ ಕೊಡಿಸಿದರು. ನಾನು ಕಡೂರಿಗೆ ಹೋಗಿ ಅವ್ವನಿಗೂ ಹಾಗೇ ಹೇಳಿದೆ: ಭಾನುವಾರ ಸಂಜೆ ನಿಮ್ಮ ಮನೆಯಲ್ಲಿ ಜಾಮ್ ಇಟ್ಟುಕೊಂಡಿದ್ದೇವೆ, ಮೂರು ಊರಿನವರು ಬರುತ್ತಾರೆ. ಅವ್ವ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. ಗಿಟಾರಿನ ವಿಷಯಕ್ಕೆ ಕಣ್ಣೀರೇಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಭಾನುವಾರ ಗಿಟಾರುಗಳನ್ನು ಹೊತ್ತು ಹೋದರೆ ನಡುಮನೆ ಸಾರಿಸಿತ್ತು. ಅಟ್ಟದ ಏಣಿಯ ಬುಡದಲ್ಲಿ ಬಾಳೆ ಎಲೆ ಹಾಕಿ, ಆಕೆಯ ಹಸಿರು ಸೀರೆ, ಬಳೆ, ಹೋಳಿಗೆ ಇಟ್ಟು ಎಡೆ ಮಾಡಿದ್ದರು. ನಾಲ್ಕು ಮೂಲೆಗೆ ನಾಲ್ಕು ದೀಪ. ಅವ್ವನಿಗೆ ಕೇಳಿಸಿದ್ದು ಜಾಮ್ ಅಲ್ಲ, ಜಾಮ. ಶಿವರಾತ್ರಿಯಲ್ಲಿ ನಾಲ್ಕು ಜಾಮ ಪೂಜೆ ಮಾಡುವ ಹಾಗೆ, ಸೊಸೆಗಾಗಿ ಮೂರು ಊರಿನವರು ಬಂದು ಜಾಮ ಕಾಯುತ್ತಾರೆ ಎಂದು ತಿಳಿದಿದ್ದರು. ಗುಮಾಸ್ತರು ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ. ಹಾಗಲ್ಲವ್ವ ಎಂದು ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಎಡೆಯ ಮುಂದೆಯೇ ಸಾಲಾಗಿ ಕೂತೆವು.

ಭಜನೆ ಮನೆಯಿಂದ ತಂದ ಹಾರ್ಮೋನಿಯಂನ ಒಂದು ಸ್ವರದ ಮನೆ ಒತ್ತಿಹಿಡಿದು ಐದೂ ಗಿಟಾರುಗಳನ್ನು ಒಂದೇ ಶ್ರುತಿಗೆ ತಂದೆವು. ಮೊದಮೊದಲು ಯಾರ ತಾಳ ಯಾರಿಗೂ ಕೂಡಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಆಮೇಲೆ ಶಿವನಿಯವರು ಒಂದು ಸೋಬಾನೆಯ ಧಾಟಿ ಹಿಡಿದರು. ಒಬ್ಬೊಬ್ಬರಾಗಿ ಅದರ ಹಿಂದೆ ಹೋದೆವು. ಐದು ಗಿಟಾರು ಒಟ್ಟಿಗೆ ಜಾರುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಹಾಡಿದ ಹಾಗಿತ್ತು. ಮಂಡಿಯಣ್ಣನವರ ಕೈ ಮಾತ್ರ ನಡುಗುತ್ತಲೇ ಇತ್ತು.

ಹೊತ್ತು ಮುಳುಗಿತು. ಅಟ್ಟದಲ್ಲಿ ಲೊಡಲೊಡ ಶುರುವಾಯಿತು. ಡ್ರಿಲ್ ಮೇಷ್ಟ್ರು ಮೇಲೆ ನೋಡಿ, "ಯಾರ್ರೀ ಅದು, ಮ್ಯಾಲೆ?" ಎಂದರು.

ಮಂಡಿಯಣ್ಣ ಸರಳು ಕೆಳಗಿಟ್ಟು, ಒಂದನ್ನೂ ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು. "ಎರಡನೇದು ನೀನು ಕೂಗ್ಸಪ್ಪ. ಧಾಟಿ ನಿನಗೆ ಗೊತ್ತು. ಮೂರನೇದು ನಂದು."

ನಾನು ಸರಳನ್ನು ತಂತಿಯ ಮೇಲಿಟ್ಟು ಜಾರಿಸಿದೆ. ಏರಿತು, ಎಳೆಯಿತು, ಇಳಿಯಿತು. ನಾನೇ ನುಡಿಸಿದರೂ ಅದು ನನ್ನದಲ್ಲ ಅನ್ನಿಸಿತು. ಅಟ್ಟದ ಸದ್ದು ಥಟ್ಟನೆ ನಿಂತಿತು. ಯಾರೋ ಕಿವಿಗೊಟ್ಟು ನಿಂತರೆ ಎಂಥ ಮೌನವಿರುತ್ತದೋ ಅಂಥ ಮೌನ.

ಮಂಡಿಯಣ್ಣ ಸರಳು ಎತ್ತಿಕೊಂಡರು. ತಂತಿ ಗೊರಗೊರ ಎಂದಿತು. ಇನ್ನೊಮ್ಮೆ ಇಟ್ಟರು, ಮತ್ತೆ ಅದೇ. ಹಣೆಯಿಂದ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೂರನೆಯ ಕೂಗು ಬರದಿದ್ದರೆ ಆ ಮನುಷ್ಯ ಆ ಏಣಿಯ ಬುಡದಿಂದ ಏಳುವುದೇ ಇಲ್ಲ ಎಂದು ನನಗೆ ಭಯವಾಯಿತು.

ಆಗ ಗೋಡೆಗೊರಗಿ ಕೂತಿದ್ದ ಅವ್ವ ಹೇಳಿದರು: "ಅದನ್ನ ಬಿಡೋ ಮಗಾ. ಬಾಯ್ಬಿಟ್ಟು ಕೂಗು. ಇನ್ಯಾವ ಆಯಸ್ಸಿಗೆ ಹೆದರ್ತೀಯ?"

ಮಂಡಿಯಣ್ಣ ತಾಯಿಯನ್ನು ನೋಡಿದರು. ಸರಳು ಕೆಳಗಿಟ್ಟರು. ಅಟ್ಟದ ಕತ್ತಲೆಗೆ ಮುಖ ಎತ್ತಿ, ಜೀವಮಾನದಲ್ಲಿ ಮೊದಲ ಸಲ, ಹೆಂಡತಿಯ ಹೆಸರನ್ನು ಬಾಯಿತುಂಬ ಕೂಗಿದರು.

ಕೂಗು ನಿಂತಿತು. ನಮ್ಮ ತೊಡೆಗಳ ಮೇಲಿದ್ದ ಗಿಟಾರುಗಳನ್ನು ಯಾರೂ ಮುಟ್ಟಿರಲಿಲ್ಲ. ಐದೂ ಗಿಟಾರಿನ ತಂತಿಗಳು ತಾವಾಗಿಯೇ ಮಿಡಿದು ಒಂದೇ ದನಿಯಲ್ಲಿ "ಓ..." ಎಂದವು. ಮರದ ಮೂಲಕ ಅದು ನನ್ನ ತೊಡೆಯ ಮೂಳೆಗೆ ಇಳಿದದ್ದು ಇವತ್ತಿಗೂ ನೆನಪಿದೆ. ಶಿವನಿಯವರು ಕೈ ಮುಗಿದರು. ಮಂಡಿಯಣ್ಣ ಮಗುವಿನಂತೆ ಅತ್ತು, ಆಮೇಲೆ ನಕ್ಕು, "ನಾನು ಅಂತ ಗೊತ್ತಾತು ಕಣಯ್ಯಾ, ಗೊತ್ತಾತು" ಎಂದರು.

ಒಂದೇ ಶ್ರುತಿಯಲ್ಲಿರುವ ತಂತಿಗಳು ಜೋರು ದನಿಗೆ ತಾವೇ ಮಿಡಿಯುತ್ತವೆ. ಇದಕ್ಕೆ ವಿಜ್ಞಾನದಲ್ಲಿ ಕಾರಣ ಉಂಟು, ನಾನೇ ಹತ್ತಾರು ಜನರಿಗೆ ವಿವರಿಸಿದ್ದೇನೆ. ಆದರೆ ಅಟ್ಟದ ಸದ್ದು ಆ ಸಂಜೆಯಿಂದ ಮತ್ತೆ ಬರಲೇ ಇಲ್ಲ. ಅದಕ್ಕೆ ಕಾರಣ ನನಗೆ ಸಿಕ್ಕಿಲ್ಲ. ಮಂಡಿಯಣ್ಣ ಊಟ ಮಾಡತೊಡಗಿದರು, ಮಂಡಿಯಲ್ಲಿ ಕೂತರು. ಎಂಬತ್ತರ ದಶಕದಲ್ಲಿ ನಾನು ದಾವಣಗೆರೆಗೆ ಹೋಗಿ ನೆಲೆಸಿದೆ. ಅವ್ವ ತೀರಿಕೊಂಡ ಸುದ್ದಿ ಬಂತು. ಆಮೇಲೆ ಮಂಡಿ ಮಾರಿದರಂತೆ. ಆಮೇಲೆ ಅವರೂ ಇಲ್ಲವಂತೆ, ಎಲ್ಲಿ, ಹೇಗೆ... ಯಾರೂ ಸರಿಯಾಗಿ ಹೇಳಲಿಲ್ಲ.

ಎಣ್ಣೆ ಕೊಂಡ ದಿನ ಅಂಗಡಿಯವನನ್ನು ಕೇಳಿದೆ, ಇಲ್ಲಿ ಮಂಡಿಯಣ್ಣ ಅಂತ ಇದ್ದರಲ್ಲ, ಗಿಟಾರು ನುಡಿಸುತ್ತಿದ್ದರಲ್ಲ ಎಂದು. "ಯಾವ ಮಂಡಿಯಣ್ಣ ಸಾರ್? ಮಂಡಿ ಇಟ್ಟೋರೆಲ್ಲ ಮಂಡಿಯಣ್ಣನೇ," ಎಂದು ಅವನು ನಕ್ಕ.

ಮನೆಗೆ ಬಂದು ಗಿಟಾರು ತೆಗೆದೆ. ತಂತಿ ಬದಲಿಸಿ ಶ್ರುತಿ ಮಾಡಿ ತೊಡೆಯ ಮೇಲೆ ಇಟ್ಟುಕೊಂಡೆ. ಯಾರೂ ಇರಲಿಲ್ಲ. ಮಂಡಿಯಣ್ಣನವರನ್ನೂ ಮೂರು ಸಲ ಕೂಗಿಬಿಡೋಣ ಎಂದು ಬಾಯಿ ತೆರೆದೆ. ಆಗ ತಿಳಿಯಿತು. ಅವರ ಹೆಂಡತಿಯ ಹೆಸರು ನನಗೆ ಗೊತ್ತು. ಅವರ ಹೆಸರು ಗೊತ್ತಿಲ್ಲ. ಆ ಮನೆಯಲ್ಲಿ ಹೆಂಡತಿ ಅದನ್ನು ಹೇಳುವಂತಿರಲಿಲ್ಲ, ತಾಯಿ ಮಗಾ ಎನ್ನುತ್ತಿದ್ದರು, ಅಂಗಡಿಯ ಹಲಗೆಯ ಮೇಲೆ ಇದ್ದದ್ದು ಅವರ ತಂದೆಯ ಹೆಸರು. ಅಷ್ಟು ವರ್ಷ ಅವರ ಕಾಫಿ ಕುಡಿದ ನಾನು ಒಮ್ಮೆಯೂ ಕೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ. ತಂತಿಗಳು ಅಲುಗಲಿಲ್ಲ.