ಮೇಲ್ಮನೆಗೆ ಕಿವಿಗೊಟ್ಟ ದಿನಗಳು

ಯುದ್ಧ ಅಂದರೆ ಗುಂಡಿನ ಸದ್ದು ಎಂದುಕೊಂಡಿದ್ದೆ. ನನ್ನ ಕಿವಿಗೆ ಬಿದ್ದ ಯುದ್ಧವಾದರೋ ಬಹುಪಾಲು ಮೀನುಗಾರಿಕೆ ತಿದ್ದುಪಡಿ ಮಸೂದೆಯ ಚರ್ಚೆಯಾಗಿತ್ತು.

ಹೊಸಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ದೂರದ ಒಂದು ದೇಶದ ಮೇಲ್ಮನೆಯ ಕಲಾಪವನ್ನು ವರ್ಷದ ಹತ್ತಿರ ಟೈಪ್ ಮಾಡಿದೆ. ದೇಶದ ಹೆಸರು ಹೇಳುವಂತಿಲ್ಲ, ಹಾಗೆಂದು ಸಹಿ ಹಾಕಿ ಕೊಟ್ಟಿದ್ದೇನೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಕೆಲಸ ಹೋದ ಮೇಲೆ ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ದುಡಿಯುತ್ತಿದ್ದೆ. ಅವರು ಧ್ವನಿಮುದ್ರಣ ಕಳಿಸುತ್ತಾರೆ, ನಾವು ಕೇಳಿ ಅಕ್ಷರಕ್ಕಿಳಿಸುತ್ತೇವೆ. ಮೊದಲು ಡಾಕ್ಟರುಗಳ ಗೊಣಗಾಟ, ಆಮೇಲೆ ವಿಮೆಯವರ ಜಗಳ, ಕೊನೆಗೆ ಈ ಮೇಲ್ಮನೆ. ಅಲ್ಲಿ ಅಂತರ್ಯುದ್ಧ ಶುರುವಾಗಿ ಸದನದ ವರದಿಗಾರರೆಲ್ಲ ದೇಶ ಬಿಟ್ಟಿದ್ದರಂತೆ. ಸದಸ್ಯರಲ್ಲಿ ಬಹಳ ಜನ ಬಿಟ್ಟಿರಲಿಲ್ಲ. ಅರ್ಧ ದೇಶ ಸರ್ಕಾರದ ಕೈತಪ್ಪಿದ್ದರೂ ಮೇಲ್ಮನೆ ಮಾತ್ರ ದಿನಾ ಸೇರುತ್ತಿತ್ತು, ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು, ಪುಣ್ಯಕ್ಕೆ.

ನಿನ್ನೆಯ ಕಲಾಪ ನನಗೆ ಇವತ್ತು ಬೆಳಿಗ್ಗೆ ಬರುತ್ತಿತ್ತು. ಮೊದಲು ಪ್ರಾರ್ಥನೆ, ಆಮೇಲೆ ಹಾಜರಿ. ಹಾಜರಿಯಲ್ಲಿ ಕೂಗಿದ ಹೆಸರುಗಳಿಗೆ ಉತ್ತರ ಬರುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿತ್ತು. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಇಲ್ಲದಿದ್ದರೆ ಗಂಟೆ ಬಾರಿಸುತ್ತಿದ್ದರು. ಮೊಗಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರು ಅದನ್ನು ಕೇಳಿ ಒಳಗೆ ಬಂದರೆ ಸಭೆ, ಬಾರದಿದ್ದರೆ ಮನೆಗೆ. ನಂತರ ಸಂತಾಪ ಸೂಚನೆ, ಪ್ರಶ್ನೋತ್ತರ, ಮಸೂದೆ. ಬಂಡುಕೋರರು ಹಿಡಿದುಕೊಂಡಿದ್ದ ಬಂದರಿನ ಸುಂಕವನ್ನು ಏರಿಸಬೇಕೋ ಬೇಡವೋ ಎಂದು ಆ ಜನ ಎರಡು ದಿನ ಗಂಟಲು ಹರಿದುಕೊಂಡರು. ಒಬ್ಬನಿಗೂ ನಗು ಬರಲಿಲ್ಲ. ನನಗೆ ಮೊದಮೊದಲು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಹೊರಗಿನ ಸದ್ದುಗಳನ್ನು ಬರೆಯಬಾರದು ಎಂದು ಕಂಪನಿಯ ಸೂಚನೆ ಇತ್ತು. ಯಾರೋ ತುಟ್ಟಿಭತ್ಯೆಯ ಮೇಲೆ ಮಾತಾಡುವಾಗ ಹಿಂದೆ ಧಡ್ ಎನ್ನುತ್ತಿತ್ತು, ಮಾತು ಒಂದು ಗಳಿಗೆ ನಿಂತು ಮುಂದುವರಿಯುತ್ತಿತ್ತು. ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳಿಗೆ ನಮ್ಮ ಕಿಟಕಿಯ ಗಾಜೂ ಹಾಗೆಯೇ ಅದುರುತ್ತದೆ. ಎಷ್ಟೋ ಸಲ ಹೆಡ್‌ಫೋನ್ ತೆಗೆದು, ಸದ್ದು ಅವರದೋ ನಮ್ಮದೋ ಎಂದು ನೋಡಿದ್ದುಂಟು.

ಅಲ್ಲಿ ಒಬ್ಬ ಮುದುಕನಿದ್ದ. ಹಳೆಯ ಸದಸ್ಯ, ಮಾತು ನಿಧಾನ, ಮಾತಿನ ನಡುವೆ ಸುರ್ರೆಂದು ಮೂಗು ಏರಿಸಿಕೊಳ್ಳುವ ಅಭ್ಯಾಸ. ಅವನದು ಪ್ರತಿ ವಾರವೂ ಒಂದೇ ಪ್ರಶ್ನೆ: ನದಿಯ ಸೇತುವೆಯ ಹತ್ತಿರ ಸರ್ಕಾರಿ ಪಡೆಯವರು ತಡೆದು ಕೆಳಗಿಳಿಸಿಕೊಂಡ ಬಸ್ಸಿನ ಪ್ರಯಾಣಿಕರು ಈಗ ಎಲ್ಲಿದ್ದಾರೆ? ಮಂತ್ರಿಯದೂ ಒಂದೇ ಉತ್ತರ: ಮಾಹಿತಿ ಸಂಗ್ರಹಿಸಲಾಗುತ್ತಿದೆ. ಒಂದು ವಾರ ಮುದುಕ ತಾಳ್ಮೆ ಕಳೆದುಕೊಂಡ. 'ಸಭಾಪತಿಗಳೇ, ಅದರಲ್ಲಿ ನನ್ನ ಮಗನಿದ್ದ, ಶಾಲೆಯ ಮೇಷ್ಟ್ರು, ಪರೀಕ್ಷೆಯ ಪೇಪರು ತಿದ್ದಿ ಮನೆಗೆ ಬರುತ್ತಿದ್ದ' ಎಂದುಬಿಟ್ಟ. ಸ್ವಂತ ವಿಷಯವನ್ನು ಪ್ರಶ್ನೋತ್ತರದಲ್ಲಿ ತರುವಂತಿಲ್ಲವೆಂದು ಸಭಾಪತಿ ಆ ಮಾತನ್ನು ಕಡತದಿಂದ ತೆಗೆಸಿದರು. ತೆಗೆದವಳು ನಾನೇ.

ಆ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ ಬಂದರು. ಕಂಪ್ಲಿಯ ಹೆಣ್ಣುಮಗಳು, ಇಂಗ್ಲಿಷ್ ಒಂದಕ್ಷರ ಬಾರದು, ಆದರೆ ನನ್ನ ಮುಖ ಓದುವುದರಲ್ಲಿ ಪಂಡಿತೆ. ಏನಾಯಿತೆಂದು ಕೇಳಿದರು, ಹೇಳಿದೆ. ಸಹಿ ಹಾಕಿಕೊಟ್ಟ ಕಾಗದ ಅತ್ತೆಯ ಮುಂದೆ ನಡೆಯುವುದಿಲ್ಲ. ಅಂದಿನಿಂದ ಅವರಿಗೆ ಸಂಜೆಯ ಧಾರಾವಾಹಿ ಬೇಡವಾಯಿತು.

"ಏನವಾ, ಇವತ್ತರ ಸಿಕ್ಕನೇನು ಆ ಮುದುಕಪ್ಪನ ಮಗ?"

"ಇಲ್ರಿ ಅತ್ತಿ. ಇನ್ನೂ ಹುಡುಕಾಕತ್ಯಾರಂತ."

"ಏನ್ ಹುಡುಕ್ತಾರ, ಮಣ್ಣು! ಹಿಡಕೊಂಡು ಹೋದವ್ರು ಅವರ, ಹುಡುಕೋರೂ ಅವರ."

ಆ ದೇಶದ ರಾಜಕೀಯದ ಬಗ್ಗೆ ಇದಕ್ಕಿಂತ ಒಳ್ಳೆಯ ಭಾಷಣವನ್ನು ನಾನು ಆ ಸದನದಲ್ಲಿ ಕೇಳಲಿಲ್ಲ.

ಒಂದು ಸೋಮವಾರ ಹಂಪಿಗೆ ಕರೆದುಕೊಂಡು ಹೋಗು ಎಂದು ಅತ್ತೆ ಹಟ ಹಿಡಿದರು. ಬಸ್ಸಿನಲ್ಲಿ ಹೋದೆವು. ಗುಡಿಯಲ್ಲಿ ಅರ್ಚನೆಯ ತಟ್ಟೆ ಮುಂದೆ ಮಾಡಿದಾಗ ಅರ್ಚಕರು ಹೆಸರು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಮುದುಕನ ಮಗನ ಹೆಸರು ನನಗೂ ಗೊತ್ತಿರಲಿಲ್ಲ.

"ಹೆಸ್ರು ಗೊತ್ತಿಲ್ರಿ," ಎಂದರು ಅತ್ತೆ.

"ನಕ್ಷತ್ರನಾರ ಹೇಳ್ರಿ ಅಮ್ಮ."

"ಅದೂ ಗೊತ್ತಿಲ್ಲ. ಹುಡುಗ ಎಲ್ಲಿದಾನಂತ ಗೊತ್ತಿಲ್ಲ ಅಂತನ ಬಂದೀವಿ. ಗೊತ್ತಿದ್ರ ನಿಮ್ಮತ್ರ ಯಾಕ ಬರ್ತಿದ್ವಿ?"

ಹಿಂದಿನ ಸಾಲಿನವರು ಗೊಣಗತೊಡಗಿದರು. ಅರ್ಚಕರು ಅತ್ತೆಯ ಹೆಸರಿಗೇ ಅರ್ಚನೆ ಮಾಡಿ ಕಳಿಸಿದರು. ಬರುವಾಗ ಬಸ್ಸಿನಲ್ಲಿ ಅತ್ತೆ, ವಿಳಾಸವಿಲ್ಲದ ಬೇಡಿಕೆ ಮುಟ್ಟುತ್ತದೋ ಇಲ್ಲವೋ ಎಂದು ಚಿಂತೆ ಮಾಡಿದರು. ನನಗೆ ಆ ಚಿಂತೆ ಇರಲಿಲ್ಲ. ಮುಟ್ಟುವುದಿಲ್ಲವೆಂದು ಗೊತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಸದನವನ್ನು ಕೇಳಿದವರಿಗೆ ದೇವರ ಮೇಲೂ ನಂಬಿಕೆ ಉಳಿಯುವುದು ಕಷ್ಟ.

ಉತ್ತರ ಬಂದದ್ದು ಮಳೆಗಾಲದ ಹೊತ್ತಿಗೆ. ಸಭಾಪತಿ ಮುದುಕನ ಪ್ರಶ್ನೆಯ ಸಂಖ್ಯೆ ಕೂಗಿದರು. ಸದ್ದಿಲ್ಲ. ಮತ್ತೆ ಕೂಗಿದರು. ಪ್ರಶ್ನೆ ಕೇಳಿದವನು ಸದನದಲ್ಲಿ ಇಲ್ಲದಿದ್ದರೆ ಉತ್ತರವನ್ನು ಓದುವುದಿಲ್ಲ, ಮೇಜಿನ ಮೇಲೆ ಮಂಡಿಸಿ ಬಿಡುತ್ತಾರೆ. ಅಷ್ಟು ದಿನ ಒಂದು ವಾರವನ್ನೂ ತಪ್ಪಿಸದ ಮನುಷ್ಯ ಅವತ್ತೇ ಬಂದಿರಲಿಲ್ಲ. 'ಉತ್ತರ ಮಂಡಿಸಲಾಗಿದೆ' ಎಂದು ಮಂತ್ರಿ ಕೂತ, ಅವನ ದನಿಯಲ್ಲಿ ಹೊರೆ ಇಳಿಸಿದ ಹಗುರ ಇತ್ತು. ಆ ಕಾಗದ ನನಗೆಲ್ಲಿ ಸಿಗಬೇಕು? ನನ್ನ ಪಾಲಿಗೆ ಬರುವುದು ದನಿ ಮಾತ್ರ. ಆ ದಿನ ನಾನು ಊಟ ಬಿಟ್ಟೆ. ಅತ್ತೆ ಕೇಳಿ ಕೇಳಿ ಸಾಕಾಗಿ ತಾವೂ ಬಿಟ್ಟರು.

ಮರುದಿನದ ಧ್ವನಿಮುದ್ರಣದಲ್ಲಿ ಮುದುಕ ಇದ್ದ. ಸೇತುವೆ ಮುಚ್ಚಿದ್ದರಿಂದ ಸುತ್ತು ಬಳಸಿ ನಡೆದು ಬರುವಷ್ಟರಲ್ಲಿ ಸದನ ಮುಗಿದಿತ್ತು ಎಂದ. ಉತ್ತರವನ್ನು ಗ್ರಂಥಾಲಯದಲ್ಲಿ ಓದಿಕೊಂಡೆನೆಂದ. ಬಸ್ಸಿನ ಪ್ರಯಾಣಿಕರು ಯಾರೂ ಬದುಕಿಲ್ಲ, ಗುರುತು ಹತ್ತದ ಶವಗಳೊಂದಿಗೆ ಹೂಳಲಾಗಿದೆ, ಸ್ಥಳವನ್ನು ಭದ್ರತೆಯ ಕಾರಣಕ್ಕೆ ತಿಳಿಸಲಾಗದು ಎಂದು ಅದರಲ್ಲಿತ್ತಂತೆ. ಅಳಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟ: 'ಮಣ್ಣು ಹಾಕುವ ಭಾಗ್ಯ ನನಗಿಲ್ಲ. ಈ ಸದನ ಎದ್ದು ನಿಂತು ಒಂದು ನಿಮಿಷ ಅವರಿಗಾಗಿ ಮೌನ ಆಚರಿಸಲಿ.'

ಸಭಾಪತಿ ಕೆಟ್ಟವರೇನಲ್ಲ, ದನಿ ಮೆತ್ತಗಿತ್ತು. ಆದರೆ ನಿಯಮ ತೆಗೆದು ಓದಿದರು. ಸಂತಾಪ ಸೂಚಿಸುವುದು ಹಾಲಿ ಮತ್ತು ಮಾಜಿ ಸದಸ್ಯರಿಗೆ ಮಾತ್ರ. ಒಬ್ಬರಿಗೆ ನಿಂತರೆ ಎಲ್ಲರಿಗೂ ನಿಲ್ಲಬೇಕಾಗುತ್ತದೆ, ಈ ಕಾಲದಲ್ಲಿ ಸದನ ಕೂರುವುದು ಯಾವಾಗ, ಎಂದರು. ನನಗೆ ಆ ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ಅಪ್ಪಳಿಸಲಿಲ್ಲ, ಅಲ್ಪವಿರಾಮ ಹಾಕಿ ಮುಂದುವರಿಸಿದೆ.

ಅದಾದ ಮೇಲೆ ಅತ್ತೆ ಕೇಳುವುದನ್ನು ಬಿಟ್ಟರು. ಹುಡುಗ ಹೋದನೆಂದು ಹೇಳಿದ ದಿನ ತಲೆಗೆ ನೀರು ಹಾಕಿಕೊಂಡು ಬಂದು, ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಓಣಿಯವರು ಯಾರು ತೀರಿಹೋದರೆಂದು ಕೇಳಿದಾಗ, ನಮ್ಮ ಪೈಕಿ ಒಬ್ಬ ಮೇಷ್ಟ್ರು ಎಂದರು.

ಮುಂದಿನ ವಾರ ಮೀನುಗಾರಿಕೆ ಮಸೂದೆ ಕೊನೆಯ ಹಂತಕ್ಕೆ ಬಂತು. ಮಾತಾಡಬಯಸುವ ಒಬ್ಬೊಬ್ಬ ಸದಸ್ಯನಿಗೂ ಐದು ನಿಮಿಷ. ಮುದುಕನ ಸರದಿ ಬಂತು. ಮೈಕ್ ಹಾಕಿದ ಟಿಕ್ ಸದ್ದು, ಮೂಗು ಏರಿಸಿದ ಸದ್ದು, ಆಮೇಲೆ ಏನೂ ಇಲ್ಲ. ಧ್ವನಿಮುದ್ರಣ ನಿಂತಿತೇನೋ ಎಂದು ನೋಡಿದೆ, ಓಡುತ್ತಲೇ ಇತ್ತು. ಉಸಿರು ಕೇಳಿಸುತ್ತಿತ್ತು. ಮಸೂದೆಯ ಬಗ್ಗೆ ಮಾತನಾಡಿ ಎಂದರು ಸಭಾಪತಿ. ಉಸಿರು. ಆಗ ತಿಳಿಯಿತು. ಸದನ ಕೊಡದ ಒಂದು ನಿಮಿಷಕ್ಕೆ ಬದಲಾಗಿ ತನ್ನ ಐದು ನಿಮಿಷವನ್ನು ಅವನು ಮಗನಿಗೆ ಕೊಡುತ್ತಿದ್ದ.

ಅಷ್ಟರಲ್ಲಿ ಒಂದು ಕುರ್ಚಿ ಸರಿದ ಸದ್ದು. ಇನ್ನೊಂದು. ಆಮೇಲೆ ಹಲವು. ನಿಯಮ ಗಿಯಮ ಹಾಳಾಗಿಹೋಗಲಿ, ಮನುಷ್ಯರು ಕೊನೆಗೂ ಎದ್ದು ನಿಂತರು ಎಂದುಕೊಂಡೆ. ನಿನ್ನೆಯ ಮೌನಕ್ಕೆ ಇವತ್ತು ನಾನೂ ಎದ್ದು ನಿಂತೆ. ಬಾಗಿಲಲ್ಲಿ ಅತ್ತೆ ಕಾಣಿಸಿದರು. ಕೈಸನ್ನೆ ಮಾಡಿದೆ. ಅವರಿಗೆ ಅರ್ಥವಾಯಿತು, ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು ಸೆರಗು ಹೊದ್ದುಕೊಂಡು ನಿಂತರು.

ಆಗ ಗಂಟೆ ಮೊಳಗಿತು. ಕೋರಂ ಗಂಟೆ. ಕರ್ಫ್ಯೂ ಹೊತ್ತಾಗಿತ್ತು, ಮುದುಕ ಹೇಗೂ ಮಾತಾಡುವುದಿಲ್ಲವೆಂದು ಅವರೆಲ್ಲ ಮನೆಗೆ ಎದ್ದಿದ್ದರು. ಗಂಟೆ ಎಷ್ಟೋ ಹೊತ್ತು ಮೊಳಗಿತು, ಯಾರೂ ಒಳಗೆ ಬರಲಿಲ್ಲ. ಸಭಾಪತಿ ಸದನವನ್ನು ಮುಂದೂಡಿ ಎದ್ದು ಹೋದರು. ಅದರ ನಂತರದ ಮಾತು ಕಡತಕ್ಕೆ ಸೇರದು. ಆದರೆ ಮುದುಕನ ಮೈಕ್ ಆರಿಸುವವರು ಯಾರೂ ಉಳಿದಿರಲಿಲ್ಲ. ತನ್ನ ಐದು ನಿಮಿಷ ಮುಗಿಯುವವರೆಗೂ ಅವನು ಅಲ್ಲೇ ಉಸಿರಾಡುತ್ತ ನಿಂತಿದ್ದ, ಮುಗಿದ ಮೇಲೆ ಖಾಲಿ ಸಭಾಂಗಣಕ್ಕೆ, "ಧನ್ಯವಾದ, ಸಭಾಪತಿಗಳೇ" ಎಂದ.

ಹೆಡ್‌ಫೋನ್ ತೆಗೆದೆ. ಅತ್ತೆ ಇನ್ನೂ ನಿಂತೇ ಇದ್ದರು, ಕಣ್ಣು ಒದ್ದೆಯಾಗಿದ್ದವು.

"ನಿಂತರೇನವಾ ಅವ್ರು?"

"ನಿಂತರ್ರಿ, ಅತ್ತಿ."

"ಎಲ್ಲಾರೂ?"

"ಎಲ್ಲಾರೂ," ಎಂದೆ.