ಬಲ್ಬು ಆರಿದ ಕೊಳ

ಮಾತಾಡುವಾಗಲೂ ಕಾಕಾನ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ವರ್ಷಗಟ್ಟಲೆ ಕ್ಯಾಮೆರಾದೊಳಗೆ ಇಣುಕಿ ಅಂಟಿಕೊಂಡ ಚಾಳಿ. ಇವರು ನಮ್ಮನ್ನು ಅಳೆಯುತ್ತಿದ್ದಾರೆ ಎಂದು ಎದುರಿಗಿದ್ದವರಿಗೆ ಅನಿಸುತ್ತಿತ್ತು, ಅಳೆಯುತ್ತಲೂ ಇದ್ದರು. ಬೀದರ್ ಕಡೆಯಿಂದ ಔರಂಗಾಬಾದಿಗೆ ಬಂದು ಗುಲಮಂಡಿ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ನನ್ನಪ್ಪನ ಊರಿನವರಾದ್ದರಿಂದ ನನಗೆ ಕಾಕಾ. ಮೆಟ್ರಿಕ್ ಮುಗಿಸಿದ ಹುಡುಗಿ ನಾನು, ಅವರಲ್ಲಿ ನೆಗೆಟಿವ್ ತಿದ್ದುವ ಕೆಲಸಕ್ಕೆ ಸೇರಿದ್ದೆ.

ಹಗಲೆಲ್ಲ ಮದುಮಕ್ಕಳ ಫೋಟೋ. ಮೂಗು ದಪ್ಪ ಬಂತೆಂದು ಯಾರಾದರೂ ದೂರಿದರೆ, ದೇವರು ಕೊಟ್ಟದ್ದಕ್ಕೆ ನಾನೇನು ಮಾಡಲಿ ಎಂದು ನಗದೆ ಕೇಳುತ್ತಿದ್ದರು. ಅವರ ಜೀವವೆಲ್ಲ ಇದ್ದದ್ದು ಕತ್ತಲಾದ ಮೇಲೆ ಊರಿನ ಹಳೆಯ ನಹರಿನ ಚಿತ್ರ ತೆಗೆಯುವುದರಲ್ಲಿ. ಗುಡ್ಡದ ನೀರು ನೆಲದೊಳಗಿನ ಕಾಲುವೆಯಲ್ಲಿ ಹರಿದು ಬಂದು ಪನ್‌ಚಕ್ಕಿ ಎಂಬ ಹಳೆಯ ನೀರುಗಿರಣಿಯ ಕೊಳಕ್ಕೆ ಬೀಳುವ ಜಾಗವನ್ನು ಬರೀ ಬೆಳದಿಂಗಳಲ್ಲಿ ಹಿಡಿಯಬೇಕೆಂಬ ಹಟ. ಪ್ರತಿ ಸಲವೂ ಕಂಬದ ಬಲ್ಬು ಅಡ್ಡ ಬಂದು, ಚಿತ್ರ ಮೂಡುವ ಗಾಜಿನ ಪ್ಲೇಟಿನ ಮೇಲೆ ಕಲೆ ಬೀಳುತ್ತಿತ್ತು.

ಯುದ್ಧ ಶುರುವಾಯಿತು. ಸಂಜೆಯಾದರೆ, ಶತ್ರು ವಿಮಾನಕ್ಕೆ ಕಾಣದಂತೆ ಊರಿಗೆ ಊರೇ ದೀಪ ಆರಿಸಬೇಕು. ಜನ ಹೆದರಿ ಬಾಗಿಲು ಹಾಕಿಕೊಂಡರೆ ಇವರು ಕ್ಯಾಮೆರಾದ ಸ್ಟ್ಯಾಂಡು ಹೆಗಲಿಗೇರಿಸಿದರು. ಮನೆಯವರು ಬೈದರು, ನಾನು ಬೇಡಿಕೊಂಡೆ.

“ಸರಕಾರ ಕರೆಂಟ್ ಆರಿಸ್ಯಾದ. ಚಂದ್ರಗ ಏನೂ ಹೇಳಿಲ್ಲಲ್ಲ,” ಎಂದರು.

ಒಬ್ಬರನ್ನೇ ಬಿಡಲಾರದೆ ಜೊತೆಗೆ ನಡೆದೆ. ಕೊಳದೆದುರು ಕ್ಯಾಮೆರಾ ನಿಲ್ಲಿಸಿ ಲೆನ್ಸಿನ ಮುಚ್ಚಳ ತೆಗೆದರು. ತುಂಬ ಹೊತ್ತು ಹಾಗೇ ಬಿಡಬೇಕು, ಅಲುಗಬಾರದು. ಅಷ್ಟರಲ್ಲಿ ಓಣಿ ಕಾಯುವ ಏಳೆಂಟು ಜನ ಲಾಠಿ ಹಿಡಿದು ಬಂದರು. ವಿಮಾನಕ್ಕೆ ಸನ್ನೆ ಮಾಡುತ್ತಿದ್ದೀಯಾ ಎಂದು ಒಬ್ಬ ಹಿಂದಿಯಲ್ಲಿ ಗದರಿದ. ಕಾಕಾ ತಡೆಯಿರೆಂದು ಕೈಯೆತ್ತಿದರೇ ಹೊರತು ಕದಲಲಿಲ್ಲ. ಕ್ಯಾಮೆರಾ ಬಿಚ್ಚು ಎಂದು ಅವರು ಸುತ್ತುವರಿದರು. ಬಿಚ್ಚಿದರೆ ಬೆಳಕು ತಾಗಿ ಚಿತ್ರ ಹಾಳು. ಕಾಕಾ ಮುಚ್ಚಳ ಹಾಕಿ, ಕರಿಬಟ್ಟೆಯ ಮರೆಯಲ್ಲೇ ಪ್ಲೇಟಿದ್ದ ಚಪ್ಪಟೆ ಡಬ್ಬಿ ಎಳೆದು ನನ್ನ ಕೈಗಿಟ್ಟರು.

“ನೀ ನಡಿ ತಂಗಿ. ಓಡಬ್ಯಾಡ.”

ಗಾಬರಿಯಲ್ಲಿ ನಮ್ಮವರ ಬಾಯಿಗೆ ಬರುವುದು ಮನೆಮಾತಾದ ಕನ್ನಡವೇ. ಅಲ್ಲಿಯವರಿಗೆ ತಿಳಿಯದ ಮಾತು ಕತ್ತಲಲ್ಲಿ ಕೇಳಿದ್ದೇ ತಡ, ಗೂಢಚಾರನೆಂಬ ಅನುಮಾನ ಖಾತ್ರಿಯಾಯಿತು. ಏನು ಹೇಳಿದೆ ಎಂದು ಎಲ್ಲರೂ ಕಾಕಾನ ಮೇಲೆ ಮುಗಿಬಿದ್ದರು. ಹೆಣ್ಣೆಂದು ನನ್ನನ್ನು ಯಾರೂ ಮುಟ್ಟಲಿಲ್ಲ. ಡಬ್ಬಿಯನ್ನು ಸೆರಗಿನೊಳಗೆ ಅವಚಿಕೊಂಡು, ಬೆನ್ನ ಹಿಂದೆ ಲಾಠಿಯ ಸದ್ದು ಕೇಳುತ್ತಲೇ ನಡೆದೆ. ಕಾಕಾನ ಮೇಲೆ ಅಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಚಿತ್ರಕ್ಕಾಗಿ ಜೀವ ಕೊಡುತ್ತಾರೇನು?

ಸೀದಾ ಪೊಲೀಸ್ ಚೌಕಿಗೆ ಹೋದೆ. ಹವಾಲ್ದಾರನ ಮದುವೆಯ ಫೋಟೋ ತೆಗೆದವರೇ ಕಾಕಾ. ಆತ ಓಡಿಬಂದು ಬಿಡಿಸುವಷ್ಟರಲ್ಲಿ ಕ್ಯಾಮೆರಾ ಚೂರಾಗಿತ್ತು, ಕಾಕಾನ ಬಲಗೈ ಹೆಬ್ಬೆರಳು ಮುರಿದಿತ್ತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು ನನ್ನಿಂದಲೇ ಪ್ಲೇಟ್ ತೊಳೆಸಿ ಚಿತ್ರ ಮೂಡಿಸಿದರು. ಕಲ್ಲುಗೋಡೆ, ಬೀಳುವ ನೀರು, ಬೆಳದಿಂಗಳು, ಒಂದು ಕಲೆಯಿಲ್ಲ. ನಾನು ಅತ್ತುಬಿಟ್ಟೆ. ಪ್ರಿಂಟಿನ ಮೂಲೆಯಲ್ಲಿ ಎಡಗೈಯಿಂದ ಸೊಟ್ಟಸೊಟ್ಟಾಗಿ ನನ್ನ ಹೆಸರು ಬರೆದರು. ಇದು ನಿಮ್ಮದೆಂದು ಜಗಳ ತೆಗೆದೆ.

“ಹೊಡ್ತ ನಂದು, ಚಿತ್ರ ನಿಂದು. ನೀ ಓಡಿದ್ರ ಅವರು ಬೆನ್ನು ಹತ್ತತಿದ್ರು, ಪ್ಲೇಟೂ ಹೋಗತಿತ್ತು.”

ಆ ಬೆರಳು ಮತ್ತೆ ಮಡಚಲಿಲ್ಲ. ಹೊಸ ಕ್ಯಾಮೆರಾ ನನ್ನ ಪಾಲಿಗೆ ಬಂತು. ಪಕ್ಕದಲ್ಲಿ ನಿಂತು ಬೈದು ಬೈದು ಕಲಿಸಿದರು. ಕೆಲವು ವರ್ಷಕ್ಕೆ ತೀರಿಕೊಂಡಾಗ ಅವರ ಮಗ ಸ್ಟುಡಿಯೋದ ಕೀಲಿ ನನಗೇ ಕೊಟ್ಟ. ಕೊಳದ ಚಿತ್ರ ನೋಡಿದವರು ಈಗಲೂ ನನ್ನನ್ನು ಹೊಗಳುತ್ತಾರೆ. ಪ್ರತಿಯೊಬ್ಬರನ್ನೂ ಕೂಡಿಸಿಕೊಂಡು ಆ ಹೆಬ್ಬೆರಳಿನ ಸುದ್ದಿ ಹೇಳುತ್ತೇನೆ. ಹೇಳದೆ ಯಾರನ್ನೂ ಏಳಗೊಡುವುದಿಲ್ಲ.