ಒಂಬೈನೂರು ಕೋಟಿಯ ಹಾರ್ಮೋನಿಯಂ

ಅರವತ್ತು ದಾಟಿದ ಮೇಲೆ ನನಗೆ ಹಾರ್ಮೋನಿಯಂ ಹುಚ್ಚು ಹಿಡಿಯಿತು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಪೆಟ್ಟಿಗೆ ಶನಿವಾರ ಮಾತ್ರ ಕೈಗೆ ಸಿಗುತ್ತಿತ್ತು. ಸ್ವಂತದ್ದೊಂದು ಬೇಕೇ ಬೇಕು ಎಂದು ಹುಡುಕುತ್ತಿದ್ದಾಗ, ಮೊಬೈಲಿನ ಹರಾಜಿನಲ್ಲಿ ನೆರೂಳಿನ ಹೆಂಗಸೊಬ್ಬಳು ಮಾರಲಿಟ್ಟದ್ದು ಕಂಡಿತು. ಆಹಾ, ಎಂಥ ಪೆಟ್ಟಿಗೆ!

ಸ್ವರ ಸರಿಯಿದೆಯೇ ಎಂದು ಮೊದಲು ಕೇಳಬೇಕಿತ್ತು. ಆ್ಯಪ್ ಹಿಂದಿಯಲ್ಲಿತ್ತು. ಎರಡು ಬಟನ್: ‘ಸವಾಲ್’, ‘ಬೋಲಿ’. ನಮ್ಮ ಕರಾವಳಿಯ ಕಡೆ ಹರಾಜಿನಲ್ಲಿ ಬೆಲೆ ಕೂಗುವುದಕ್ಕೇ ಸವಾಲು ಎನ್ನುತ್ತೇವೆ. ಅದನ್ನು ಮುಟ್ಟಿದರೆ ಸಿಕ್ಕಿಬಿದ್ದೆ ಎಂದು, ಮಹಾ ಜಾಣೆಯ ಹಾಗೆ ಬೋಲಿ ಒತ್ತಿದೆ. ಬೋಲಿ ಎಂದರೆ ಮಾತಲ್ಲವೇ? ಖಾಲಿ ಚೌಕವೊಂದು ಬಂತು. ಮಾತಾಡಲು ನಂಬರ್ ಕೇಳುತ್ತಿದೆ ಎಂದುಕೊಂಡು ನನ್ನ ಮೊಬೈಲ್ ನಂಬರಿನ ಹತ್ತೂ ಅಂಕಿ ಒತ್ತಿ ಚಹಾ ಇಡಲು ಹೋದೆ.

ಚಹಾ ಕುದಿಯುವಷ್ಟರಲ್ಲಿ ಹರಾಜು ಮುಗಿದಿತ್ತು. ಗೆದ್ದಿದ್ದೀರಿ, ಕೂಗಿದ ಬೆಲೆಗೆ ಬದ್ಧರಾಗಿದ್ದೀರಿ ಎಂಬ ಸಂದೇಶ. ಹಿಂದಿಯಲ್ಲಿ ಸವಾಲ್ ಎಂದರೆ ಪ್ರಶ್ನೆ, ಬೋಲಿ ಎಂದರೇ ಹರಾಜಿನ ಕೂಗಂತೆ; ನನ್ನ ಮೊಬೈಲ್ ನಂಬರನ್ನೇ ಬೆಲೆಯಾಗಿ, ಒಂಬೈನೂರು ಕೋಟಿಗೂ ಮೇಲೆ ಕೂಗಿದ್ದೆ ನಾನು!

ಕೆಳಗಿನ ಮನೆಯ ವಕೀಲೆಯ ಬಳಿ ಓಡಿದೆ. ಅವಳೂ ನಮ್ಮ ಕಡೆಯವಳೇ.

“ಎಂಥದು ಅಕ್ಕ ಇದು! ಇಡೀ ಡೊಂಬಿವಲಿ ಮಾರಿದ್ರೂ ಸಾಕಾಗ್ಲಿಕ್ಕಿಲ್ಲ,” ಎಂದು ಹೊಟ್ಟೆ ಹಿಡಿದು ನಕ್ಕಳು. “ಆನ್‌ಲೈನ್ ಹರಾಜೂ ಕರಾರೇ, ಸುಮ್ಮನೆ ಕೈ ಬಿಡ್ಲಿಕ್ಕೆ ಆಗುದಿಲ್ಲ. ಆದ್ರೆ ಇಷ್ಟು ದೊಡ್ಡ ತಪ್ಪು ಮಾರುವವ್ರಿಗೂ ಗೊತ್ತಾಗ್ತದಲ್ಲ? ಈ ಕರಾರು ಕೋರ್ಟಲ್ಲಿ ನಿಲ್ಲುದಿಲ್ಲ. ಹೆದರ್ಬೇಡಿ.”

ಹೋದ ಜೀವ ಬಂತು. ಮರುಕ್ಷಣವೇ ಕೇಳಿದೆ, “ಹಾಗಾದ್ರೆ ಪೆಟ್ಟಿಗೆ?”

“ಅದೂ ಇಲ್ಲ ಅಕ್ಕ. ಇನ್ನು ಯಾರಿಗೆ ಬೇಕಾದ್ರೂ ಕೊಡ್ಬಹುದು ಅವ್ರು.”

ಅಯ್ಯೋ! ಚಪ್ಪಲಿ ಮೆಟ್ಟಿ ಹೊರಟವಳು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ಗೆದ್ದವರಿಗೆ ಆ್ಯಪ್ ಕೊಟ್ಟ ವಿಳಾಸ ಹಿಡಿದು ನೆರೂಳು ತಲುಪಿದೆ. ಬಾಗಿಲು ತೆರೆದಾಕೆ ನನ್ನನ್ನು ಕಂಡದ್ದೇ, “ನೌ ಸೌ ಕರೋಡ್‌ವಾಲಿ?” ಎಂದು ನಗಲು ಶುರುಮಾಡಿದಳು. ನಾನೂ ನಕ್ಕೆ, ಇಬ್ಬರ ಕಣ್ಣಲ್ಲೂ ನೀರು.

“ವೋ ಸಬ್ ಕ್ಯಾನ್ಸಲ್. ಅಬ್ ಸಚ್ ಬೋಲೋ, ಕಿತನಾ ದೋಗೀ?” ನಿಜವಾಗಿ ಎಷ್ಟು ಕೊಡುತ್ತೀ ಎಂದು ಆಕೆ ಕೇಳಿದಳು.

“ಚಾರ್ ಹಜಾರ್,” ಎಂದೆ. ಆಕೆ ಪೆಟ್ಟಿಗೆಯ ಕಡೆ ತಿರುಗಿದಳು. ಕೈತಪ್ಪಿತು ಎಂದು ಗಾಬರಿಯಾಗಿ, “ಪಾಂಚ್!” ಎಂದೆ. ಆಕೆ ಬಾಯಿ ತೆರೆದಳು. “ಛೇ ಹಜಾರ್!” ಎಂದು ಕಿರುಚಿಯೇಬಿಟ್ಟೆ.

ಆಕೆ ಸೋಫಾದ ಮೇಲೆ ಕುಸಿದು ನಕ್ಕಳು. ನಾಲ್ಕಕ್ಕೇ ಹೂಂ ಎನ್ನುವವಳಿದ್ದಳಂತೆ! ನಾಲ್ಕೇ ಕೊಡು ಎಂದಳು. ನಾನು ಕೇಳಲಿಲ್ಲ, ಆರೂ ಸಾವಿರ ಆಕೆಯ ಕೈಗಿಟ್ಟು ಪೆಟ್ಟಿಗೆಯನ್ನು ಅವುಚಿಕೊಂಡೆ. ತಪ್ಪಾಯಿತು ಎಂದು ಒಮ್ಮೆ ಒಪ್ಪಿಕೊಂಡದ್ದಕ್ಕೇ ಅದು ಕೈಬಿಟ್ಟು ಹೋಗುವುದರಲ್ಲಿತ್ತು. ಆರು ಸಾವಿರವೂ ತಪ್ಪಾಯಿತು ಎಂದು ಇನ್ನೊಮ್ಮೆ ಒಪ್ಪಿಕೊಳ್ಳುವಷ್ಟು ದಡ್ಡಿ ನಾನಲ್ಲ.